ಆ ಹಸಿರು ಬಳಿದ ಬಣ್ಣವಲ್ಲ, ಕಿಲುಬು

ಮಾನ್ಯ ಸಂಪಾದಕರೇ,

ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ ಪೀಠಸಮೇತ ಫ್ರಾನ್ಸಿನ ಉಡುಗೊರೆ, ಅದರ ಹಸಿರು ಬಳಿದ ಬಣ್ಣ ಎಂದು ನಿಮ್ಮ ಪುರವಣಿಯಲ್ಲಿ ಬಂದ ಬರಹಕ್ಕೆ ಎರಡು ತಿದ್ದುಪಡಿ. ಫ್ರಾನ್ಸಿನ ಜನ ಉಡುಗೊರೆ ಕೊಟ್ಟದ್ದು ಪ್ರತಿಮೆಯನ್ನು ಮಾತ್ರ; ಪೀಠದ ಖರ್ಚು ಅಮೆರಿಕದವರದು. 1885ರ ಜೂನ್‌ನಲ್ಲಿ 350 ಭಾಗಗಳು 214 ಪೆಟ್ಟಿಗೆಗಳಲ್ಲಿ ಬಂದಿಳಿದಾಗ ಪೀಠವೇ ಮುಗಿದಿರಲಿಲ್ಲ. ಪೀಠಕ್ಕೆ ಕೊನೆಗೆ ಒದಗಿಬಂದದ್ದು ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯ ಮೂಲಕ ಎತ್ತಿದ ಲಕ್ಷ ಡಾಲರ್ ದೇಣಿಗೆ.

ಇನ್ನು ಆ ಹಸಿರು. ಅದು ಬಳಿದದ್ದಲ್ಲ, ತಾಮ್ರದ ಚೊಂಬಿಗೆ ಹಿಡಿಯುವಂಥದೇ ಕಿಲುಬು. ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಅಲ್ಲಿ ತಿಕ್ಕಿದರೆ ಕೆಟ್ಟಿತು. ದೇವರ ಬೆಳ್ಳಿ ಕವಚದಂತೆ ಬಡಿದು ಉಬ್ಬಿಸಿದ, ಪ್ರತಿಮೆಯ ಮೈಯಾದ ತಾಮ್ರದ ತಗಡಿನ ದಪ್ಪ ಬರೀ 2.4 ಮಿ.ಮೀ. ಕಿಲುಬಿನ ಕಾವಲಿದ್ದುದರಿಂದಲೇ ನೂರು ವರ್ಷದಲ್ಲಿ ಅದು ಸವೆದದ್ದು ಕೂದಲೆಳೆಯಷ್ಟು.

ಕೆಟ್ಟದ್ದು ಒಳಗೆ. ತಗಡನ್ನು ಹಿಡಿದಿದ್ದವು ಐಫೆಲ್ ಗೋಪುರ ಖ್ಯಾತಿಯ ಎಂಜಿನಿಯರ್ ಐಫೆಲ್ ರೂಪಿಸಿದ ಒಳಚೌಕಟ್ಟಿಗೆ ಸೇರಿದ ಕಬ್ಬಿಣದ ಪಟ್ಟಿಗಳು. ತಾಮ್ರಕ್ಕೆ ತಾಗದಿರಲೆಂದು ನಡುವೆ ಅರಗಿನಲ್ಲಿ ಅದ್ದಿದ ಕಲ್ನಾರು ಬಟ್ಟೆ ಇಟ್ಟಿದ್ದರು. ಅದು ಸವೆಯಿತು, ಸಾಲದ್ದಕ್ಕೆ ನೀರನ್ನೂ ಹಿಡಿದಿಟ್ಟಿತು. ಉಪ್ಪುಗಾಳಿಯ ತೇವ ಕೂಡಿದರೆ ತಾಮ್ರ ಕಬ್ಬಿಣದ ಜೋಡಿ ಬ್ಯಾಟರಿಯಂತೆಯೇ. ಅದರಲ್ಲಿ ಕರಗುವುದು ಕಬ್ಬಿಣ. ತುಕ್ಕು ಊದಿ ರಿವೆಟ್ ಕಿತ್ತವು, ಆ ತೂತುಗಳಿಂದ ಇನ್ನಷ್ಟು ಮಳೆನೀರು ಇಳಿಯಿತು.

1984-86ರ ದುರಸ್ತಿಯಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಬದಲಿಸಿದರು. ಒಟ್ಟಿಗೆ ಬಿಚ್ಚಿದರೆ ಮೈ ಜಗ್ಗುತ್ತದೆ, ಹಾಗಾಗಿ ಒಮ್ಮೆಗೆ ಕೆಲವನ್ನೇ ಬಿಚ್ಚಿ, ಅದೇ ಬಾಗಿಗೆ ಬಗ್ಗಿಸಿದ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಕೂರಿಸಿ, ನಡುವೆ ಟೆಫ್ಲಾನ್ ಇಟ್ಟರು. ಒಳಗಿನ ಹಳೇ ಬಣ್ಣ ಉದುರಿಸಲು ದ್ರವ ಸಾರಜನಕ, ಅದರಡಿಯ ಟಾರ್ ತೆಗೆಯಲು ಅಡುಗೆ ಸೋಡಾ! ಆ ಸೋಡಾ ಸಂದುಗಳಿಂದ ಹೊರಗೆ ಸೋರಿ ಹಸಿರಿನ ಮೇಲೆ ಕಲೆ ಮಾಡಿದ್ದೂ ಉಂಟು. ಪಂಜಿನದು ಬೇರೆಯೇ ಕಥೆ: 1916ರಲ್ಲಿ ಜ್ವಾಲೆಯ ತಾಮ್ರ ಕತ್ತರಿಸಿ ಗಾಜು ಕೂರಿಸಿದ್ದರು, ಅದು ಸೋರುತ್ತಲೇ ಇತ್ತು. ಈಗಿರುವುದು ಜ್ವಾಲೆಗೆ ಚಿನ್ನದ ರೇಕು ಹೊದಿಸಿದ ಹೊಸ ಪಂಜು.

ಉಕ್ಕಿನ ಚೌಕಟ್ಟಿಗೆ ಕಂಚು ಹೊದಿಸಿದ ಪ್ರತಿಮೆಗಳು ನಮ್ಮಲ್ಲೂ ಏಳುತ್ತಿವೆ. ನಿಮ್ಮ ವರದಿಗಾರರು ಎತ್ತರ, ತೂಕದ ಜತೆಗೆ ಎರಡು ಲೋಹಗಳ ನಡುವೆ ಏನಿಟ್ಟಿದ್ದಾರೆ, ಒಳಗೆ ಇಳಿದ ನೀರು ಎಲ್ಲಿಂದ ಹೊರಬರುತ್ತದೆ ಎಂದೂ ಕೇಳಿ ಬರೆಯಲಿ.

ಲೋಹಪ್ರತಿಮೆ ದುರಸ್ತಿ ಕೆಲಸದವರು,
ಮೈಸೂರು