ಗುದ್ದೋ ಆಟಕ್ಕೂ ತಲೆ ಬೇಕು

ಸಂಪಾದಕರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಮುಗಿದ ಮರುದಿನ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಬಂದಿತ್ತು. ಗೆದ್ದ ತಂಡದ ಹೆಸರು, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಫೋಟೊ, ಆಟದ ನಡುವಿನ ವಿರಾಮದಲ್ಲಿ ಹಾಡಿದವರ ಸುದ್ದಿ, ಕೊನೆಗೆ ಇದು ತಲೆಗಿಂತ ತೋಳಿಗೆ ಕೆಲಸ ಜಾಸ್ತಿ ಇರುವ ಆಟ ಅನ್ನೋ ಅರ್ಥದ ಒಂದು ಸಾಲು. ಆ ಕೊನೇ ಸಾಲಿಗೆ ನನ್ನ ತಕರಾರು.

ನಾನು 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು, ಜಾಸ್ತಿ ಕಲಿಸಿದ್ದು ಕಬಡ್ಡಿ. ಮಗಳು ಅಮೆರಿಕದ ಷಾರ್ಲೆಟ್‌ನಲ್ಲಿದ್ದಾಳೆ. ಎರಡು ಸಲ ಹೋಗಿ ಆರಾರು ತಿಂಗಳು ಇದ್ದು ಬಂದೆ. ಮೊದಮೊದಲು ಟಿವಿಯಲ್ಲಿ ಈ ಆಟ ನೋಡಿದಾಗ ನನಗೂ ನಿಮ್ಮ ಹಾಗೇ ಅನ್ನಿಸಿತ್ತು. ಹೆಲ್ಮೆಟ್ ಹಾಕಿಕೊಂಡ ಹೋರಿಗಳು ಡಿಕ್ಕಿ ಹೊಡೀತವೆ, ಸೀಟಿ ಊದ್ತಾರೆ, ಎಲ್ಲರೂ ಮೈ ಕೊಡವಿಕೊಂಡು ಏಳ್ತಾರೆ, ಮತ್ತೆ ಡಿಕ್ಕಿ. ಒಂದು ಭಾನುವಾರ ಮೊಮ್ಮಗ ಪಕ್ಕದಲ್ಲಿ ಕೂತು, "ತಾತ, ಚೆಂಡು ನೋಡಬೇಡಿ, 59ನೇ ನಂಬರ್ ನೋಡಿ" ಅಂದ.

ಆ 59 ಅಂದರೆ ಲ್ಯೂಕ್ ಕೀಕ್ಲಿ. ಅಲ್ಲಿಯ ಕ್ಯಾರೊಲಿನಾ ಪ್ಯಾಂಥರ್ಸ್ ತಂಡದ ಲೈನ್‌ಬ್ಯಾಕರ್. ತಡೆಯುವ ತಂಡದಲ್ಲಿ ಮುಂದೆ ದಪ್ಪ ದಪ್ಪ ಆಳುಗಳ ಸಾಲು, ತೀರಾ ಹಿಂದೆ ಚುರುಕಾಗಿ ಓಡುವವರು, ಇವರಿಬ್ಬರ ಮಧ್ಯೆ ನಿಲ್ಲೋದು ಲೈನ್‌ಬ್ಯಾಕರ್. ಎದುರಾಳಿ ಚೆಂಡು ಹಿಡಿದು ನುಗ್ಗಿದರೆ ಕೆಡವಬೇಕು, ಎಸೆದರೆ ಹಿಂದಕ್ಕೆ ಓಡಿ ತಡೆಯಬೇಕು. ನಟ್ಟನಡುವೆ ನಿಲ್ಲುವವನ ಹೆಲ್ಮೆಟ್ಟಿನೊಳಗೆ ಸಾಮಾನ್ಯವಾಗಿ ಒಂದು ಸಣ್ಣ ಸ್ಪೀಕರ್ ಇರುತ್ತೆ, ಹೆಲ್ಮೆಟ್ ಹಿಂದೆ ಹಸಿರು ಚುಕ್ಕಿ. ಕೋಚ್ ಹೇಳಿದ್ದು ಅವನೊಬ್ಬನ ಕಿವಿಗೆ ಬೀಳುತ್ತೆ. ಅದೂ ಪ್ರತಿ ಸಲ ಚೆಂಡು ಆಡಿಸಲು ಕೊಟ್ಟ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಕಟ್ ಆಗುತ್ತೆ. ಆಮೇಲೆ ಉಳಿದ ಹತ್ತು ಜನರನ್ನು ನಿಲ್ಲಿಸೋದು, ಸರಿಸೋದು ಎಲ್ಲ ಅವನ ಜವಾಬ್ದಾರಿ.

ಅವತ್ತು ನಾನು ಚೆಂಡು ಬಿಟ್ಟು ಅವನನ್ನೇ ನೋಡಿದೆ. ಎದುರಾಳಿಗಳು ನಿಂತ ರೀತಿ ನೋಡಿ ಬೆರಳು ತೋರಿಸಿ ಏನೋ ಕೂಗಿದ. ಮುಂದಿನವನ ಸೊಂಟಕ್ಕೆ ತಟ್ಟಿ ಅರ್ಧ ಹೆಜ್ಜೆ ಎಡಕ್ಕೆ ಸರಿಸಿದ. ತಾನು ಎರಡು ಹೆಜ್ಜೆ ಬಲಕ್ಕೆ ಹೋದ. ಚೆಂಡು ಕೈಗೆ ಬರೋದಕ್ಕೂ ಮೊದಲೇ, ಅದು ಎಲ್ಲಿಗೆ ಬರಬೇಕಿತ್ತೋ ಅಲ್ಲಿ ಅವನಿದ್ದ. ಎದುರಾಳಿ ಮಾಡಲಿರುವುದನ್ನು ಮೊದಲೇ ಕೂಗಿ ಹೇಳ್ತಾನೆ ಅಂತಲೇ ಅವನಿಗೆ ಹೆಸರು. ವಾರವಿಡೀ ಎದುರಾಳಿಗಳ ಹಳೇ ಆಟದ ವಿಡಿಯೊ ಹಾಕಿಕೊಂಡು ಕೂತಿರ್ತಿದ್ದನಂತೆ. ನಾನು ಹುಡುಗರಿಗೆ ಹೇಳ್ತಿದ್ದದ್ದು ಇದೇ ಅಲ್ವಾ, ರೈಡರ್‌ನ ಕೈ ನೋಡಬೇಡಿ, ಸೊಂಟ ನೋಡಿ ಅಂತ. ಅಲ್ಲಿಂದ ಆ ಆಟ ನನಗೆ ಹಿಡಿಸಿಬಿಟ್ಟಿತು.

2012ರಲ್ಲಿ ಬಂದವನು, ಮೊದಲ ವರ್ಷವೇ ಇಡೀ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಕೆಡವಿದ್ದು. 2013ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ. 2016ರ ಫೆಬ್ರುವರಿಯಲ್ಲಿ ಸೂಪರ್ ಬೌಲ್, ಅದರಲ್ಲಿ ಸೋಲು. ಆದರೆ ತಲೆಗೆ ಏಟು ಬೀಳೋದು 2015ರಲ್ಲೇ ಶುರುವಾಗಿತ್ತು. ಅಲ್ಲಿ ಇದನ್ನು ಕನ್ಕಷನ್ ಅಂತಾರೆ, ಮಿದುಳು ತಲೆಬುರುಡೆಯೊಳಗೇ ಅಲುಗಾಡಿ ಆಗುವ ಪೆಟ್ಟು. 2016ರ ನವೆಂಬರಿನಲ್ಲಿ ಎರಡನೇ ಸಲ ಆದಾಗ ಗಾಡಿಯಲ್ಲಿ ಕೂರಿಸಿ ಹೊರಗೆ ಕರೆದುಕೊಂಡು ಹೋದರು. ನೂರು ಕೆಜಿ ದಾಟಿದ ಆಳು, ತಾನು ಯಾಕೆ ಅಳ್ತಿದ್ದೇನೆ ಅಂತ ತನಗೇ ತಿಳಿಯದವನ ಹಾಗೆ ಬಿಕ್ಕಳಿಸ್ತಿದ್ದ. ಆ ವಿಡಿಯೊ ನೋಡಿದ ಮೇಲೆ ಒಂದೆರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 2017ರಲ್ಲಿ ಇನ್ನೊಂದು ಸಲ. 2020ರ ಜನವರಿಯಲ್ಲಿ, 28ನೇ ವಯಸ್ಸಿಗೆ, ಸಾಕು ಅಂದುಬಿಟ್ಟ.

ಮೊಮ್ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ನಿಜ ಹೇಳ್ತೀನಿ, ನನಗೂ ಇವನು ಸ್ವಲ್ಪ ಮೆತ್ತಗಾದ ಅನ್ನಿಸಿತು. ಇನ್ನೂ ಏಳೆಂಟು ವರ್ಷ ಆರಾಮಾಗಿ ಆಡಬಹುದಿತ್ತಲ್ಲ ಅಂದೆ. ಆಗ ಮಗಳು ಜೂನಿಯರ್ ಸೇಯಾವ್ ಕಥೆ ಹೇಳಿದಳು.

ಅವರೂ ಲೈನ್‌ಬ್ಯಾಕರ್. ಅಮೆರಿಕನ್ ಸಮೋವಾದಿಂದ ಬಂದ ಕುಟುಂಬ, ಸ್ಯಾನ್ ಡಿಯೇಗೊ ಕಡೆ ಬೆಳೆದ ಹುಡುಗ, ಅದೇ ಊರಿನ ಚಾರ್ಜರ್ಸ್ ತಂಡಕ್ಕೆ 13 ವರ್ಷ ಆಡಿದರು. ಒಟ್ಟು 20 ಸೀಸನ್. 2006ರಲ್ಲಿ ನಿವೃತ್ತಿ ಅಂತ ಹೇಳಿ ನಾಲ್ಕೇ ದಿನಕ್ಕೆ ಬೇರೆ ತಂಡಕ್ಕೆ ಸಹಿ ಹಾಕಿದವರು, ಅಷ್ಟು ಆಟದ ಹುಚ್ಚು. ಅವರಿಗೆ ಕನ್ಕಷನ್ ಆಗಿದೆ ಅಂತ ಎಲ್ಲೂ ದಾಖಲೆ ಇರಲಿಲ್ಲ. ಆಗಿತ್ತು, ಆದರೂ ಎದ್ದು ಆಡ್ತಿದ್ದರು ಅಂತ ಅವರ ಮಾಜಿ ಪತ್ನಿ ಆಮೇಲೆ ಹೇಳಿದರು. 2012ರ ಮೇ ತಿಂಗಳಲ್ಲಿ, 43ನೇ ವಯಸ್ಸಿನಲ್ಲಿ, ತಮ್ಮ ಜೀವ ತಾವೇ ತೆಗೆದುಕೊಂಡರು. ಮುಂದಿನ ಜನವರಿಯಲ್ಲಿ ಅವರ ಮಿದುಳು ಪರೀಕ್ಷೆಯ ವರದಿ ಬಂತು. ಸಿಟಿಇ. ಪದೇ ಪದೇ ಏಟು ತಿಂದ ಮಿದುಳು ವರ್ಷಾನುಗಟ್ಟಲೆ ಒಳಗೊಳಗೇ ಸವೆಯುವ ಕಾಯಿಲೆ. ಬದುಕಿದ್ದಾಗ ಖಚಿತವಾಗಿ ಕಂಡುಹಿಡಿಯೋಕೆ ಆಗಲ್ಲ. ಈ ಲೀಗ್‌ನಲ್ಲಿ ಆಡಿ ಸತ್ತ 111 ಜನರ ಮಿದುಳು ನೋಡಿದ ಒಂದು ಅಧ್ಯಯನ 2017ರಲ್ಲಿ ಬಂತು, 110ರಲ್ಲಿ ಇದು ಸಿಕ್ಕಿತ್ತು. ಬಹುಪಾಲು ಅನುಮಾನ ಬಂದ ಮನೆಯವರೇ ಕೊಟ್ಟ ಮಿದುಳುಗಳು ಅವು, ಹಾಗಾಗಿ ಆಡಿದವರಿಗೆಲ್ಲ ಹೀಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಆದರೂ 110. ಸೇಯಾವ್ ಕಥೆ ಎಲ್ಲರಿಗೂ ಗೊತ್ತಾದ ಮೇಲೆ, 2015ರಲ್ಲಿ, ಕ್ರಿಸ್ ಬೋರ್ಲಂಡ್ ಅನ್ನೋ ಇನ್ನೊಬ್ಬ ಲೈನ್‌ಬ್ಯಾಕರ್ ಒಂದೇ ಒಂದು ಸೀಸನ್ ಆಡಿ, 24ನೇ ವಯಸ್ಸಿಗೇ, ತಲೆ ಮುಖ್ಯ ಅಂತ ಮನೆಗೆ ಹೋದ.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ನೆನಪಾಗಿದ್ದು ನನ್ನದೇ ಒಬ್ಬ ಹುಡುಗ. ತಾಲ್ಲೂಕು ಮಟ್ಟದ ಫೈನಲ್, ಮಣ್ಣಿನ ಅಂಕಣ. ರೈಡರ್‌ನ ಮಂಡಿ ಇವನ ಕಿವಿ ಹಿಂದೆ ಬಡಿದು ಬಿದ್ದ. ಎಬ್ಬಿಸಿ ಮುಖಕ್ಕೆ ನೀರು ಚಿಮುಕಿಸಿದೆ. "ಸಾರ್, ಇದು ಯಾವ ಊರು?" ಅಂದ. ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. "ಏನಾಗಲ್ಲ ಹೋಗೋ" ಅಂತ ಬೆನ್ನಿಗೆ ತಟ್ಟಿ ಮತ್ತೆ ಒಳಗೆ ಕಳಿಸಿದೆ. ನಾವು ಗೆದ್ದೆವು. ಈಗ ಅವನು ಶುಂಠಿ ವ್ಯಾಪಾರ ಮಾಡಿಕೊಂಡು ಚೆನ್ನಾಗಿದ್ದಾನೆ, ಸಿಕ್ಕಾಗ ಕಾಫಿ ಕುಡಿಸ್ತಾನೆ. ಆ ಫೈನಲ್ ಮಾತ್ರ ಒಂಚೂರೂ ನೆನಪಿಲ್ಲ ಅಂತಾನೆ.

ಸಂಪಾದಕರೇ, ಅಮೆರಿಕದ ಆಟದ ಬಗ್ಗೆ ಜಾಸ್ತಿ ಬರೀರಿ ಅಂತ ನಾನು ಕೇಳ್ತಿಲ್ಲ. ಶಾಲಾ ಕ್ರೀಡಾಕೂಟಗಳು ಶುರುವಾಗೋ ಹೊತ್ತಿಗೆ ಒಬ್ಬ ನರರೋಗ ವೈದ್ಯರ ಹತ್ತಿರ ಒಂದು ಲೇಖನ ಬರೆಸಿ ಹಾಕಿ, ಸಾಕು. ತಲೆಗೆ ಏಟು ಬಿದ್ದ ಹುಡುಗನನ್ನು ಅವತ್ತು ಮತ್ತೆ ಆಡಿಸಬಾರದು ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕಿ. ನನ್ನಂಥ ಪಿ.ಟಿ. ಮೇಷ್ಟ್ರುಗಳು ಬೆಳಿಗ್ಗೆ ಮೊದಲು ತೆಗೆಯೋದು ಕ್ರೀಡಾ ಪುಟವನ್ನೇ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಹಾಸನ