ತಾಳಗುಂದಕ್ಕೆ ಹೋಗ್ಬಂದೆ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ತಾಳಗುಂದಕ್ಕೆ ಹೋಗಿದ್ದೆ ಕಣೆ. ನೀನು ಪಿಯುಸಿಲಿದ್ದಾಗಿಂದ ಹೋಗಣ ಹೋಗಣ ಅಂತಿದ್ದಿ, ಪ್ರತಿ ಸಲ ಏನೋ ಒಂದು ಅಡ್ಡ ಬಂದು ತಪ್ಪೋಗ್ತಿತ್ತು, ಕೊನೆಗೆ ನೀನು ಬೆಂಗ್ಳೂರಿಗೆ ಹೋದ್ಮೇಲೆ ನಾನೂ ಅಜ್ಜನೂ ಇಬ್ರೇ ಹೊರಟ್ವಿ. ಸೊರಬದ ಮೇಲೆ ಶಿರಾಳಕೊಪ್ಪ, ಅಲ್ಲಿಂದ ಆಟೋ. ಬಳ್ಳಿಗಾವಿ ನೋಡಕ್ಕೆ ಬರೋರೂ ಅಷ್ಟು ಹತ್ರ ಇರೋ ಇಲ್ಲಿಗೆ ಬರಲ್ಲ ಅನ್ಸುತ್ತೆ, ನಾವಿದ್ದಷ್ಟು ಹೊತ್ತು ಒಂದು ನರಪಿಳ್ಳೆ ಇರ್ಲಿಲ್ಲ, ಹೊಟ್ಟೆ ಉರೀತು.

ಪ್ರಣವೇಶ್ವರನ ಗುಡಿ ದೊಡ್ಡದೇನಲ್ಲ. ಬೇಲೂರಿನ ತರ ಕುಸುರಿ ಹುಡುಕ್ಬೇಡ. ಆದ್ರೆ ಶಾತಕರ್ಣಿ ರಾಜ ಪೂಜೆ ಮಾಡಿದ ಜಾಗ ಇದು ಅಂತ ಎದುರಿಗಿರೋ ಕಂಬದಲ್ಲೇ ಬರ್ದಿದೆ, ಆ ಕಂಬ ಕೆತ್ತೋ ಹೊತ್ತಿಗೇ ಇದು ಹಳೇ ದೇವಸ್ಥಾನ! 2013ರಲ್ಲಿ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಸಿಂಹದ ಕಟಾಂಜನದ (ಸಿಂಹ ಕೆತ್ತಿದ ಕೈಗೋಡೆ) ಮೇಲೆ ಒಂದು ಶಾಸನ ಸಿಕ್ತಲ್ಲ, ಅದನ್ನ ಕ್ರಿ.ಶ. 370ರ ಹೊತ್ತಿನದು ಅಂತಾರೆ, ಅಂದ್ರೆ ಹಲ್ಮಿಡಿ ಶಾಸನಕ್ಕಿಂತ ಹಿಂದಿನ ಕನ್ನಡ, ಅದೂ ನಮ್ಮ ಶಿಕಾರಿಪುರ ತಾಲೂಕಲ್ಲಿ.

ನಾನು ಜಾಸ್ತಿ ಹೊತ್ತು ನಿಂತಿದ್ದು ಕಂಬದ ಹತ್ರಾನೇ. ಎಂಟು ಮುಖದ ಕಂಬ, ಅಕ್ಷರ ಅಡ್ಡಕ್ಕಿಲ್ಲ, ಉದ್ದಕ್ಕೆ ಸಾಲು ಹಿಡಿದಿವೆ, ಓದ್ಬೇಕಂದ್ರೆ ಕತ್ತು ಪೂರ್ತಿ ವಾಲಿಸಿ ಸುತ್ತು ಬರ್ಬೇಕು. ಅಕ್ಷರದ ತಲೆ ಮೇಲೆ ಪುಟ್ಟ ಪುಟ್ಟ ಚೌಕ, ಪೆಟ್ಟಿಗೆ ತರ. ಕುಬ್ಜ ಅನ್ನೋ ಕವಿ ತನ್ನ ಕಾವ್ಯನ ತಾನೇ ಕಲ್ಲಿನ ಮೇಲೆ ಬರೆದೆ ಅಂತ ಕೊನೇಲಿ ಹೇಳ್ಕೊಂಡಿದಾನೆ. ಅರ್ಥ ಫೋನಲ್ಲಿ ಇಟ್ಕೊಂಡಿದ್ದೆ, ಅಜ್ಜನಿಗೆ ಜೋರಾಗಿ ಓದಿ ಹೇಳ್ದೆ. ಕದಂಬರ ಮಯೂರಶರ್ಮ ಓದಕ್ಕೆ ಅಂತ ಕಂಚಿಗೆ ಹೋಗಿದ್ದು ಒಬ್ನೇ ಅಲ್ಲ ಕಣೆ, ತನ್ನ ಗುರುವೂ ಅಜ್ಜನೂ ಆದ ವೀರಶರ್ಮನ ಜೊತೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ, ದರ್ಭೆ ಸಮಿತ್ತು ಹಿಡಿಯೋ ಕೈಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ, ಅದು ಎಲ್ರಿಗೂ ಗೊತ್ತು, ಆದ್ರೆ ನಮ್ಮಜ್ಜ ಅದ್ಯಾವ್ದೂ ಕೇಳಿಸ್ಕೊಳ್ಳಲೇ ಇಲ್ಲ, "ಆ ಅಜ್ಜ ವಾಪಸ್ ಹೆಂಗೆ ಬಂದ್ರಂತೆ?" ಅಂದ್ರು. ನಿನ್ನ ಹಾಸ್ಟೆಲ್‌ಗೆ ಬಿಟ್ಟು ಬರುವಾಗ ಟ್ರೈನಲ್ಲಿ ಶಿವಮೊಗ್ಗದ ತನಕ ಒಂದ್ಮಾತೂ ಆಡಿರ್ಲಿಲ್ಲ ಅವ್ರು, ನಿಂಗೆ ಹೇಳಿರ್ಲಿಲ್ಲ ನಾನು. ಕಂಬದಲ್ಲಿ ಅದಿಲ್ಲ ಅಪ್ಪಯ್ಯ ಅಂದೆ. ಸುಮ್ನೆ ಕಲ್ಲು ಸವರ್ತಾ ನಿಂತ್ರು.

ಇನ್ನೊಂದು ವಿಷ್ಯ, ಇದನ್ನ ನಿಂಗೇ ಹೇಳ್ಬೇಕು ಅಂತ ದಾರಿಯಿಡೀ ಅಂದ್ಕೊಂಡು ಬಂದೆ. ಈ ಕಂಬದ ಶಾಸನ ಇರೋದೇ ಕದಂಬ ರಾಜ ಕಾಕುತ್ಸ್ಥವರ್ಮ ದೇವಸ್ಥಾನಕ್ಕೆ ಕೆರೆ ತೋಡಿಸಿದ್ದಕ್ಕೆ, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಬರೆದಿದ್ದು. ಅದ್ರಲ್ಲಿ ಕಾಕುತ್ಸ್ಥನ್ನ ಸೂರ್ಯ ಅಂತಾನೆ ಕುಬ್ಜ, ಗುಪ್ತರು ಮೊದಲಾದ ರಾಜರ ಮನೆತನಗಳು ತಾವರೆ ಕೊಳ, ಅವುಗಳನ್ನ ಅವ್ನು ತನ್ನ ಹೆಣ್ಣುಮಕ್ಕಳು ಅನ್ನೋ ಕಿರಣಗಳಿಂದ ಅರಳಿಸಿದ ಅಂತ. ಎಷ್ಟು ಚಂದ ಅಲ್ವಾ? ಎರಡ್ಮೂರು ಸಲ ಓದ್ದೆ. ಆಮೇಲೆ ಹೊಳೀತು, ಆ ಹೆಣ್ಣುಮಕ್ಕಳಲ್ಲಿ ಒಬ್ರ ಹೆಸರೂ ಇಲ್ಲ. ಅಪ್ಪನ ಹೆಸರಿದೆ, ಕೆರೆ ಇದೆ, ಕವಿ ತನ್ನ ಹೆಸರು ಮರ್ತಿಲ್ಲ. ಅಷ್ಟು ದೂರ ಮದ್ವೆಯಾಗಿ ಹೋದ ಹುಡ್ಗೀರನ್ನ ಮನೇಲಿ ಏನಂತ ಕೂಗ್ತಿದ್ರೋ, ಹೊರಡೋ ದಿನ ಅವ್ರಮ್ಮ ಏನ್ ಕಟ್ಟಿಕೊಟ್ಲೋ. ಸಂಕಟ ಆಯ್ತು ಪುಟ್ಟಿ. ಆದ್ರೆ ಇದೇ ಗುಡೀಲಿ ಇನ್ನೊಂದು ಶಾಸನದಲ್ಲಿ ಪ್ರಭಾವತಿ ಇದಾಳೆ, ಕೇಕಯರ ಮನೆ ಹೆಣ್ಣು, ಮೃಗೇಶವರ್ಮನ ರಾಣಿ, ರವಿವರ್ಮನ ತಾಯಿ, ಅವಳ ಹೆಸರು ಉಳ್ದಿದೆ. ನಂಗೆ ರಾಜರನ್ನೆಲ್ಲ ಬಿಟ್ಟು ಅವಳನ್ನ ಹುಡುಕೋದೇ ಆಯ್ತು.

ಆಮೇಲೆ ಕೆರೆ ಕಡೆ ಹೋಗಿ ಕೂತು ಅವಲಕ್ಕಿ ತಿಂದ್ವಿ. ಅಜ್ಜ ಕೈ ತೊಳ್ಯಕ್ಕೆ ಅಂತ ಇಳಿದು, ನೀರಿನ ಮೇಲೆ ಬೆರಳಲ್ಲಿ ಏನೋ ಬರೀತಿದ್ರು. ಏನು ಅಂತ ಕೇಳಿದ್ರೆ ನಿನ್ನ ಪೂರ್ತಿ ಹೆಸರು ಹೇಳಿದ್ರು, ಪುಟ್ಟಿ ಅಂತಲ್ಲ, ಶಾಲೇಲಿ ಬರ್ಸಿರೋ ಹೆಸರು.

ದಸರಾ ರಜೆಗೆ ಬಂದಾಗ ಮೂವರೂ ಹೋಗಣ. ಬೆಳಿಗ್ಗೆ ಬೇಗ ಹೊರಡ್ಬೇಕು, ಬಿಸಿಲು ಓರೆ ಬಿದ್ರೆ ಮಾತ್ರ ಅಕ್ಷರ ನೆಟ್ಟಗೆ ಕಾಣ್ಸೋದು. ಅಪ್ಪೆಮಿಡಿ ಉಪ್ಪಿನಕಾಯಿ ಕೊರಿಯರ್ ಮಾಡಿದೀನಿ, ಬಾಟ್ಲು ಸೋರಿದ್ರೆ ಹೇಳು.

ನಿನ್ನ
ಅಮ್ಮ