ಲಂಗರಿನ ಸಾಮಾನು ಕೊಳ್ಳುವ ಮುಂಚೆ ಎಷ್ಟು ಮಾರು ಹಗ್ಗ ಬಿಟ್ಟಿದ್ದೀರಿ ನೋಡಿ

ಸಂಪಾದಕರೇ,

ಹಾಯಿದೋಣಿಯಲ್ಲಿ ಕರಾವಳಿ ಸುತ್ತುವವರ ಬಗ್ಗೆ ಕಳೆದ ಭಾನುವಾರ ನಿಮ್ಮಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಕೊಟ್ಟಿದ್ದ 'ಕೊಳ್ಳಲೇಬೇಕಾದ' ಲಂಗರಿನ ಸಾಮಾನುಗಳ ಪಟ್ಟಿ ನೋಡಿ ಸುಮ್ನೆ ಕೂರಲು ಆಗಲಿಲ್ಲ. ಅದರಲ್ಲಿ ಅರ್ಧದಷ್ಟನ್ನು ನಾನು ಈಗಾಗಲೇ ಕೊಂಡು ಕೈ ಸುಟ್ಟುಕೊಂಡಿದ್ದೇನೆ.

ನಮ್ಮದು 28 ಅಡಿಯ ಹಳೇ ದೋಣಿ, ಭಾವನಿಗೂ ನನಗೂ ಪಾಲು. ಮಳೆಗಾಲ ಮುಗಿದ ಮೇಲೆ ಕಾರವಾರದಿಂದ ಬೇಲೇಕೇರಿ, ತದಡಿ ಅಂತ ಹೋಗಿ ಬರುತ್ತೇವೆ. ಮೊದಲ ವರ್ಷ ನಾನು ಹುರುಪಿನಿಂದ ಕೊಂಡಿದ್ದು ಕೆಲೆಟ್ ಅನ್ನುವ 12 ಕೆಜಿಯ ಗುಂಡು. ಲಂಗರು ಹಾಕಿದ ಮೇಲೆ ಅದನ್ನು ಹಗ್ಗದ ಗುಂಟ ಜಾರಿಸಿ ನೀರಿಗೆ ಬಿಡುವುದು. ಹಗ್ಗ ಕೆಳಗೆ ಜಗ್ಗಿಕೊಂಡಿದ್ದರೆ ಲಂಗರಿನ ಮೇಲಿನ ಎಳೆತ ಅಡ್ಡಕ್ಕೇ ಇರುತ್ತದೆ, ಆಗ ಕಿತ್ತು ಬರುವುದಿಲ್ಲ ಅನ್ನುವ ಲೆಕ್ಕ. ಲೆಕ್ಕವೇನೋ ಸರಿ. ನಮ್ಮದು ನೇಗಿಲಿನ ಆಕಾರದ ಲಂಗರು, ನೆಲದ ಗುಂಟ ಎಳೆದರೆ ಕೆಸರೊಳಗೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಎದ್ದು ಬರುತ್ತದೆ.

ನವೆಂಬರಿನ ಒಂದು ಸಂಜೆ ಕೂರ್ಮಗಡದ ಪೂರ್ವಕ್ಕೆ, ದ್ವೀಪದ ಮರೆಯಲ್ಲಿ ನಿಲ್ಲಿಸಿದೆವು. 4 ಮೀಟರ್ ನೀರಿತ್ತು. ಆಳದ ಐದು ಪಟ್ಟು ಹಗ್ಗ ಬಿಡಬೇಕು ಅಂತ ಓದಿದ್ದೆ, 20 ಮೀಟರ್ ಬಿಟ್ಟೆ, ಗುಂಡನ್ನೂ ಇಳಿಸಿದೆ, ಉಂಡು ಮಲಗಿದೆವು. ನಾವು ನಿಂತಿದ್ದು ಇಳಿತದ ಹೊತ್ತಿನಲ್ಲಿ. ಹುಣ್ಣಿಮೆ ಹತ್ತಿರವಿತ್ತು, ಆಗ ನಮ್ಮಲ್ಲಿ ನೀರು ಸುಮಾರು 2 ಮೀಟರ್ ಏರುತ್ತದೆ. ಹಗ್ಗ ಹೊರಡುವ ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲಿದೆ, ಅದನ್ನೂ ಸೇರಿಸಬೇಕಿತ್ತು. ನಾಲ್ಕು, ಎರಡು, ಒಂದು ಸೇರಿ ಏಳು. ಅಂದರೆ ಬಿಡಬೇಕಿದ್ದದ್ದು 35 ಮೀಟರ್, ನಾನು ಬಿಟ್ಟದ್ದು ಮೂರು ಪಟ್ಟಿಗೂ ಕಡಿಮೆ! ಅದರ ಮೇಲೆ ನಮ್ಮ ಕಡೆ ಗಾಳಿಯ ರೀತಿ ಎಲ್ಲರಿಗೂ ಗೊತ್ತಿರುವುದೇ: ಮಧ್ಯಾಹ್ನ ಸಮುದ್ರದ ಕಡೆಯಿಂದ, ಬೆಳಗಿನ ಜಾವ ಘಟ್ಟದ ಕಡೆಯಿಂದ. ಮೂರು ಗಂಟೆಗೆ ಗಾಳಿ ತಿರುಗಿತು, ದೋಣಿಯೂ ಪೂರ್ತಿ ತಿರುಗಿತು, ಲಂಗರು ಮಗುಚಿ ಎದ್ದು ಬಂತು. ಹಿಂದೆ ಕೂರ್ಮಗಡದ ಬಂಡೆಗಳು. ಎಬ್ಬಿಸಿದ್ದು ಮೊಬೈಲಿನ ಅಲಾರಂ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಂಜಿನ್ ಹಚ್ಚಿ, ಲಂಗರು ಎತ್ತಲು ಹೋದರೆ ಗುಂಡಿನ ಹಗ್ಗ ಲಂಗರಿನ ಹಗ್ಗಕ್ಕೆ ಸುತ್ತಿಕೊಂಡು ಕೂತಿತ್ತು, ಭಾವ ಕತ್ತಲಲ್ಲಿ ಅದನ್ನು ಬಿಡಿಸುತ್ತಾ ಆಡಿದ ಮಾತುಗಳನ್ನು ನೀವು ಅಚ್ಚು ಮಾಡುವುದಿಲ್ಲ ಬಿಡಿ.

ಬೆಳಿಗ್ಗೆ ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಪರಿಚಯದ ತಾಂಡೇಲರೊಬ್ಬರಿಗೆ, ಅಂದರೆ ಬೋಟು ನಡೆಸುವವರಿಗೆ, ಇದನ್ನೆಲ್ಲ ಹೇಳಿದೆ. ಗುಂಡಿನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. "ಎಷ್ಟ್ ಮಾರ್ ಬಿಟ್ಟಿದ್ರಿ?" ಅಂದರು, ಅಷ್ಟೇ.

ನಿಜವಾಗಿ ಗಾಳಿ ಜೋರಾದಾಗ ಹಗ್ಗ ಹೇಗಿದ್ದರೂ ಬಿಗಿಯುತ್ತದೆ, 12 ಕೆಜಿ ಗುಂಡು ಅದನ್ನು ತಡೆಯುವುದಿಲ್ಲ. ಮಂದಗಾಳಿಯಲ್ಲಿ ದೋಣಿ ಅಲೆದಾಡುವುದನ್ನು ಒಂಚೂರು ಕಡಿಮೆ ಮಾಡುತ್ತದೆ, ನಿಜ, ಆದರೆ ಮಂದಗಾಳಿಯಲ್ಲಿ ಯಾರ ಲಂಗರು ಏಳುತ್ತದೆ? ಲಂಗರಿಗೂ ಹಗ್ಗಕ್ಕೂ ನಡುವೆ ಹಾಕುವ 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ. ಅದೇ 12 ಕೆಜಿಯನ್ನು ಸರಪಳಿಯಲ್ಲಿ ಹಾಕಿದ್ದರೆ 8 ಮೀಟರ್ ಉದ್ದವಾದರೂ ಸಿಗುತ್ತಿತ್ತು. ಇನ್ನೂ ಒಳ್ಳೆಯದು, ಲಂಗರನ್ನೇ ಒಂದು ಸೈಜ್ ದೊಡ್ಡದು ತರುವುದು. ನಾವು ಕೊನೆಗೆ ಎರಡನ್ನೂ ಮಾಡಿದೆವು. ಸರಪಳಿ ಜಾಸ್ತಿ ಹಾಕಿದೆವು, ಹಳೇ ಲಂಗರಿನ ಬದಲು ಬೆನ್ನ ಮೇಲೆ ಬಳೆಯಂಥ ಕಂಬಿ ಇರುವ, ರೋಕ್ನಾ ಬ್ರಾಂಡಿನ ಲಂಗರಿನ ತರಹದ್ದು ತಂದೆವು. ಗಾಳಿ ತಿರುಗಿದಾಗ ಅದು ಮಗುಚಿದರೂ ತಾನೇ ಹೊರಳಿ ಮತ್ತೆ ಕಚ್ಚಿಕೊಳ್ಳುತ್ತದೆ.

ಎಲ್ಲ ಸಾಮಾನೂ ದಂಡ ಅಂತಲ್ಲ. ಸ್ನಬ್ಬರ್ ಅನ್ನುವುದನ್ನು ಖಂಡಿತ ಮಾಡಿಕೊಳ್ಳಿ, ಆದರೆ ಆ ಹೆಸರಿನಲ್ಲಿ ದುಬಾರಿ ಪೊಟ್ಟಣ ಕೊಳ್ಳಬೇಡಿ. ಸರಪಳಿ ಹಿಗ್ಗುವುದಿಲ್ಲ, ಅಲೆ ಬಂದಾಗಲೆಲ್ಲ ದೋಣಿಗೆ ಜಗ್ಗು ಹೊಡೆಯುತ್ತದೆ, ಆ ಹೊಡೆತ ಸರಪಳಿ ಸುತ್ತುವ ರಾಟೆಯ ಮೇಲೆ ಬಿದ್ದರೆ ಅದು ಬೇಗ ಕೆಡುತ್ತದೆ. ಒಂದು ಕೊಕ್ಕೆ, ಹತ್ತು ಮೀಟರ್ ನೈಲಾನ್ ಹಗ್ಗ ಸಾಕು. ಕೊಕ್ಕೆ ಸರಪಳಿಗೆ, ಹಗ್ಗದ ತುದಿ ಮೂತಿಯ ಗೂಟಕ್ಕೆ. ನೈಲಾನೇ ಇರಲಿ. ನೀರಲ್ಲಿ ತೇಲುವ ಪ್ಲಾಸ್ಟಿಕ್ ಹಗ್ಗ ಅಗ್ಗ, ಆದರೆ ಅಷ್ಟು ಹಿಗ್ಗುವುದಿಲ್ಲ.

ಮೊಬೈಲಿನ ಜಿಪಿಎಸ್ ಅಲಾರಂ ನನ್ನ ದೋಣಿ ಉಳಿಸಿತು, ಅದರ ಉಪಕಾರ ಮರೆಯಲ್ಲ. ಆದರೆ ಲಂಗರು ಎದ್ದ ಮೇಲೆ ಕೂಗುತ್ತದೆ, ಮುಂಚೆ ಅಲ್ಲ. ಮಲಗುವ ಮುಂಚೆ ದಡದ ಎರಡು ಗುರುತು ಒಂದೇ ಗೆರೆಯಲ್ಲಿ ನೋಡಿಟ್ಟುಕೊಳ್ಳಿ, ಅವು ಗೆರೆ ತಪ್ಪಿದರೆ ದೋಣಿ ಸರಿದಿದೆ ಅಂತ ಗೊತ್ತಾಗುತ್ತದೆ, ಅದಕ್ಕೆ ಚಾರ್ಜಿಂಗೂ ಬೇಡ. ಸರಪಳಿಗೂ ಲಂಗರಿಗೂ ನಡುವೆ ಹಾಕುವ ತಿರುಗುಣಿ ನಾನು ತೆಗೆದು ಹಾಕಿದೆ, ಗಟ್ಟಿ ಶ್ಯಾಕಲ್ (ಯು ಆಕಾರದ ಕಬ್ಬಿಣದ ಕೊಂಡಿ) ಒಂದಕ್ಕೆ ಅದರ ತಿರುಪು ಬಿಚ್ಚದಂತೆ ತಂತಿ ಬಿಗಿದರೆ ಸಾಕು. ಲಂಗರಿನ ಹಿಂಬದಿಗೆ ಕಟ್ಟುವ ತೇಲುಬುರುಡೆ ನೇತ್ರಾಣಿ ದ್ವೀಪದಂಥ ಬಂಡೆಯ ಜಾಗದಲ್ಲಿ, ಸಿಕ್ಕಿಕೊಂಡ ಲಂಗರನ್ನು ಹಿಂದಿನಿಂದ ಎಳೆದು ಬಿಡಿಸಲು ಉಪಯೋಗಕ್ಕೆ ಬಂದೀತು, ಬೈತಖೋಲದ ಬೋಟುಗಳ ನಡುವೆ ಮಾತ್ರ ಬೇಡ, ಯಾರದೋ ಪಂಖಕ್ಕೆ ಸಿಕ್ಕಿ ಬೈಗುಳ ತಿನ್ನುತ್ತೀರಿ. ಲಂಗರು ಹಾಕಿದಾಗ ಎಲ್ಲ ಕಡೆಗೂ ಕಾಣುವ ಬಿಳಿ ದೀಪ ನಿಮ್ಮ ಪಟ್ಟಿಯಲ್ಲೇ ಇರಲಿಲ್ಲ. ಬೆಳಗಿನ ಜಾವ ಟ್ರಾಲರ್‌ಗಳು ಹೊರಡುವ ಈ ಊರಲ್ಲಿ ಮೊದಲು ಕೊಳ್ಳಬೇಕಾದದ್ದು ಅದು, ಅಲ್ವಾ?

ಕೊನೆಗೆ ನಿಮ್ಮಲ್ಲೇ ಒಂದು ಕೇಳಿಕೆ. ಜಿಲ್ಲೆಯ ಪುಟದಲ್ಲಿ ಸೂರ್ಯೋದಯ, ಸೂರ್ಯಾಸ್ತದ ಸಮಯ ದಿನಾ ಹಾಕುತ್ತೀರಿ. ಅದರ ಪಕ್ಕದಲ್ಲೇ ಕಾರವಾರದ ಭರತ, ಇಳಿತದ ಸಮಯವನ್ನೂ ನೀರಿನ ಎತ್ತರವನ್ನೂ ಎರಡು ಸಾಲು ಹಾಕಿ. ಜಾಗ ಸಾಲದಿದ್ದರೆ ರಾಶಿಭವಿಷ್ಯದಲ್ಲಿ ಎರಡು ಸಾಲು ಕಡಿಮೆ ಮಾಡಿದರಾಯಿತು.

– ಒಬ್ಬ ಓದುಗ, ಕೋಡಿಬಾಗ, ಕಾರವಾರ